ತೂಕ

ಲೋಣಿ ಸ್ಟೇಷನ್ನಿನ ಆಚೆ, ಮುಳಾ-ಮುಠಾ ಹೊಳೆ
ಪುಣೆಯ ಕೊಳೆಯನ್ನೆಲ್ಲ ನೊರೆಯಾಗಿಸಿ ಹೊತ್ತು ಸಾಗುವಲ್ಲಿ
ಹಸಿ ಇಟ್ಟಂಗಿಯ ಸಾಲು.
ಒಂದು ಮಗ್ಗುಲು ಒಣಗಿದ ಮೇಲೆ
ಇನ್ನೊಂದಕ್ಕೆ ಹೊರಳಿಸಬೇಕು.
ದೊಡ್ಡವರು ಕಾಲಿಟ್ಟರೆ ಅಂಚು ಕುಸಿಯುತ್ತದೆ.
ಅದಕ್ಕೇ ಮರೆಪ್ಪ.
ಒಂಬತ್ತು ವರ್ಷ. ಹದಿನೇಳು ಕಿಲೋ.
ಈ ಕೆಲಸಕ್ಕೆ ಬೇಕಾದ ಅರ್ಹತೆ ಅಷ್ಟೇ.

ಮಲಗಿದ ಕೂಸಿನ ಮಗ್ಗುಲಿನಿಂದ ತಾಯಿ ಏಳುವ ಹಾಗೆ
ಸಾಲಿನ ಮೇಲೆ ನಡೆಯುತ್ತಿದ್ದ.

ದೀಪಾವಳಿ ಮುಗಿಸಿ ಯಾದಗಿರಿ ಕಡೆಯಿಂದ ಬಂದವರು.
ಅಪ್ಪ ಹೆಬ್ಬೆಟ್ಟು ಒತ್ತಿದ್ದು ನಲವತ್ತು ಸಾವಿರಕ್ಕೆ.
ಇಲ್ಲಿ ಅದನ್ನು ಉಚಲ್ ಅನ್ನುತ್ತಾರೆ: ಎತ್ತಿಕೊಂಡದ್ದು.
ಯಾರು ಯಾರನ್ನು ಎತ್ತಿಕೊಂಡರು
ಚೀಟಿಯಲ್ಲಿ ಬರೆದಿಲ್ಲ.

ನನ್ನ ಶಾಲೆಯೆಂದರೆ ನಾಲ್ಕು ಬಿದಿರು, ಒಂದು ಟಾರ್ಪಾಲು.
ನಾನು ಸೊಲ್ಲಾಪುರದವಳು, ಅರ್ಧ ಮರಾಠಿ, ಅರ್ಧ ಕನ್ನಡ,
ಮಿಕ್ಕದ್ದು ಕೈಸನ್ನೆ.
ನಸುಕಿಗೇ ಸಾಲು ಹೊರಳಿಸಿ ಬಂದ ಮರೆಪ್ಪ
ಐದೈದಾಗಿ ಎಣಿಸುತ್ತ ಓಡಿದ, ಉಸಿರು ಬಿಡದೆ,
ಸಾವಿರಕ್ಕೆ ಬಂದು ನಿಂತ.
‘ಮುಂದ?’
‘ಮುಂದ ಮತ್ತ ಒಂದ್ ರೀ ಬಾಯಿ.
ಸಾವಿರಕ್ಕ ಮುಕಾದಮ ಒಂದ್ ಗೀಟು ಎಳೀತಾನ,
ಮತ್ತ ಒಂದರಿಂದ.’
ಅವನ ತಪ್ಪಲ್ಲ. ಈ ಭಟ್ಟಿಯಲ್ಲಿ ಯಾವ ಲೆಕ್ಕವೂ
ಸಾವಿರ ದಾಟಿದ್ದನ್ನು ಅವನು ಕಂಡಿಲ್ಲ.
ದಾಟಿದ್ದೊಂದಿದೆ, ಅದು ಅವನ ಅಪ್ಪನ ಹೆಸರಲ್ಲಿದೆ.

ಹಲಗೆಯ ಮೇಲೆ ಬರೆದೆ: ಸಾವಿರದ ಒಂದು.
ಬಹಳ ಹೊತ್ತು ನೋಡಿದ,
ನಾನೇನೋ ಕದ್ದು ತಂದಿದ್ದೇನೆ ಅನ್ನುವ ಹಾಗೆ.

ಸಂಸ್ಥೆಯಿಂದ ಮೊಟ್ಟೆ ಬಂತು, ಕಡಲೆ, ಬೆಲ್ಲ,
ಒಂದು ತೂಕದ ಯಂತ್ರ.
ಸಂಕ್ರಾಂತಿಗೆ ಹದಿನೆಂಟೂವರೆ. ಶಿವರಾತ್ರಿಗೆ ಇಪ್ಪತ್ತೊಂದು.
ನಾನು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡು
ಸಂಭ್ರಮಪಡುತ್ತಿದ್ದ ವಾರವೇ
ಹಸಿ ಇಟ್ಟಂಗಿಯ ಮೇಲೆ ಹೆಜ್ಜೆ ಮೂಡಿತು.
ಹಿಮ್ಮಡಿ, ಐದು ಬೆರಳು, ಕಿರುಬೆರಳು ತುಸು ಸೊಟ್ಟ.

ಮುಕಾದಮ ಬಂದ. ಸಿಟ್ಟಿರಲಿಲ್ಲ, ವ್ಯಾಪಾರದ ಬೇಸರವಿತ್ತು.
‘ಬಾಯಿ, ನಿಮ್ಮ ತತ್ತಿ ನನ್ನ ಮಾಲು ಕೆಡಸಾಕತ್ತಾವ.’
ಮರುದಿನ ಸಾಲಿನ ಮೇಲೆ ತಂಗಿ ಇದ್ದಳು, ಸಾಬಮ್ಮ.
ಐದು ವರ್ಷ. ಹನ್ನೊಂದು ಕಿಲೋ.

ಆ ರಾತ್ರಿ ನಾನು ಊಟ ಮಾಡಲಿಲ್ಲ ಎಂದು ಬರೆದರೆ ಸುಳ್ಳು.
ಮಾಡಿದೆ. ಭಾಕರಿ, ಶೇಂಗಾ ಹಿಂಡಿ.
ತಿನ್ನುತ್ತಲೇ ಲೆಕ್ಕ ಹಾಕಿದೆ:
ಇವಳನ್ನೂ ತೂಕಕ್ಕೆ ತಂದರೆ
ತೊಟ್ಟಿಲಿನಲ್ಲಿರುವುದು ಇನ್ನೊಂದು.

ತಹಸೀಲಿಯಲ್ಲಿ ಸಾಹೇಬರು ಕೇಳಿದರು, ಸಾಕ್ಷಿ?
ಚೀಟಿ ಮಾಲೀಕನ ಪೆಟ್ಟಿಗೆಯಲ್ಲಿದೆ.
ಅಪ್ಪನಿಗೆ ನಾಲಿಗೆ ಏಳದು.
ಗೋಣಿಚೀಲ ಬಿಚ್ಚಿ ಮೇಜಿನ ಮೇಲಿಟ್ಟೆ,
ಮೂರು ಇಟ್ಟಂಗಿ, ಸುಟ್ಟದ್ದು.
ಮರೆಪ್ಪ ಚಪ್ಪಲಿ ಬಿಟ್ಟು, ಯಾರೂ ಹೇಳದೆಯೇ,
ಕುರ್ಚಿ ಹತ್ತಿ ಅದರಲ್ಲಿ ಕಾಲಿಟ್ಟ.
ಕೂಡಲಿಲ್ಲ. ಕಾಲು ಬೆಳೆದಿತ್ತು.
‘ಸುಟ್ಟರ ಇಟ್ಟಂಗಿ ಸಣ್ಣ ಆಗ್ತಾವ್ರೀ ಸಾಹೇಬರ’
ಅಂದ ಅಪ್ಪ. ಅಂದೇಬಿಟ್ಟ.
ಆ ಕೋಣೆಯಲ್ಲಿ ಅವನ ಮೊದಲ ಮಾತು.
‘ನಾನೂ ಹಿಂಗ ಹೊರಳಸ್ತಿದ್ದೆ.
ನಮ್ಮಪ್ಪನ ಉಚಲ್‌ಗೆ.’

ಏಳು ತಾರೀಖು ಬಿದ್ದವು.
ಬಿಡುಗಡೆಯ ಕಾಗದ ಬಂದದ್ದು ಯುಗಾದಿಯಾದ ಮೇಲೆ,
ಮರೆಪ್ಪನ ಹೆಸರು ತಪ್ಪಾಗಿ ಬರೆದು.
ತಿದ್ದಿಸುವಷ್ಟು ಹೊತ್ತು ಅವರು ಕಾಯಲಿಲ್ಲ.
ಪರಿಹಾರದ ಹಣಕ್ಕೆ ಇನ್ನೂ ಪತ್ರ ಬರೆಯುತ್ತಿದ್ದೇನೆ.
ಊರ ಶಾಲೆಯ ಮಾಸ್ತರರಿಗೆ ಫೋನು ಮಾಡಿದಾಗ
ಮಕ್ಕಳು ಬರುತ್ತಾರೆ ಅಂದರು,
ಹುಡುಗಿ ಈಚೆಗೆ ಮೂರು ದಿನ ಬಂದಿಲ್ಲ ಅಂದರು.
ಆ ಮೂರು ದಿನ ಎಲ್ಲಿ ಎಂದು ಕೇಳಿದ್ದೇನೆ.

ಮೊನ್ನೆ ಮತ್ತೆ ತಹಸೀಲಿಗೆ ಹೋಗಿದ್ದೆ.
ಫ್ಯಾನು ಜೋರಾಗಿ ತಿರುಗುತ್ತಿತ್ತು.
ನನ್ನ ಈ ಸಲದ ಅರ್ಜಿ, ಹನ್ನೆರಡು ಮನೆಯದು,
ಹಾರಿಹೋಗದಂತೆ ಗುಮಾಸ್ತ ಅದರ ಮೇಲೆ
ಭಾರ ಇಟ್ಟಿದ್ದ:
ಕಿರುಬೆರಳು ತುಸು ಸೊಟ್ಟ.